ಮಂಚಕ್ಕೆ ಆಕಾಶ ಬಳಿದದ್ದು

ಬಡಗಿಯ ಹಂಗಿಲ್ಲದೆ, ಬಣ್ಣದವನ ಮುಖ ನೋಡದೆ, ಒಂದೇ ಶನಿವಾರದಲ್ಲಿ ಮಗಳ ಕೋಣೆಯನ್ನು ಸ್ವರ್ಗ ಮಾಡಿಬಿಡುತ್ತೇನೆ! ಊಟದ ತಟ್ಟೆಯ ಮುಂದೆ ಕೂತು ನಾನು ಹೀಗೆ ಘೋಷಿಸಿದಾಗ, ಸಾರು ಬಡಿಸುತ್ತಿದ್ದ ಹೆಂಡತಿ ಸುಲೋಚನಾಳ ಸೌಟು ಗಾಳಿಯಲ್ಲೇ ನಿಂತಿತು.

"ಹೋದ್ಸಲ ಕುಕ್ಕರ್ ಹಿಡಿ ಸರಿ ಮಾಡ್ತೀನಿ ಅಂತ ಕೂತ್ರಿ. ಈಗ ಅದನ್ನ ಇಕ್ಕಳದಲ್ಲಿ ಎತ್ತಾ ಇದೀನಿ."

"ಅದು ರಿಪೇರಿ ಕಣೆ. ಇದು ಕಲೆ!"

"ನೆಲದ ಮೇಲೆ ಕಲೆ ಉಳೀದಂಗೆ ಮಾಡಿ, ಸಾಕು."

ಯಸಳೂರಿನ ಆಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಅದು ಕಾಫಿ ಬೆಲೆ ಪಾತಾಳ ಕಂಡಿದ್ದ ಕಾಲ. ಸಾಹುಕಾರರು ಎದುರಿಗೆ ಸಿಕ್ಕರೆ ನಾವೇ ಸಂಕೋಚದಿಂದ ದಾರಿ ಬಿಟ್ಟು ನಿಲ್ಲುತ್ತಿದ್ದೆವು. ಹೊಸ ಮಂಚ ಎಂಬ ಮಾತನ್ನು ಮನೆಯಲ್ಲಿ ಪಿಸುಗುಟ್ಟುವ ಧೈರ್ಯವೂ ಯಾರಿಗೂ ಇರಲಿಲ್ಲ.

ಆದರೆ ಮಗಳು ಪುಷ್ಪಾ ಸಕಲೇಶಪುರದಲ್ಲಿ ಪಿಯುಸಿಗೆ ಸೇರಿದ್ದಳು. ಅವಳ ಗೆಳತಿ ಜೆಸಿಂತಾ, ನಮ್ಮ ಎಸ್ಟೇಟಿನ ಸ್ಟೋರ್ ನೋಡಿಕೊಳ್ಳುವ ಆಂಥೋನಿಯ ಮಗಳು. ಜೆಸಿಂತಾಳ ಚಿಕ್ಕಮ್ಮನ ಮಗಳು ಸುಸಾನ್ ಮಂಗಳೂರಿನಿಂದ ರಜೆಗೆ ಬರುವವಳಿದ್ದಳು. ಭಾನುವಾರ ಇಬ್ಬರೂ ನಮ್ಮ ಮನೆಗೆ ಬಂದು ಉಳಿಯುವುದೆಂದು ಮಾತಾಗಿತ್ತು.

"ಸುಸಾನ್ ರೂಮಲ್ಲಿ ಮಂಚ, ಬೀರು ಎಲ್ಲಾ ತಿಳಿ ನೀಲಿಯಂತೆ ಅಪ್ಪಾಜಿ," ಎಂದಿದ್ದಳು ಪುಷ್ಪಾ, ಕಿಟಕಿಯಾಚೆ ನೋಡುತ್ತ. "ಮಲಗಿದ್ರೆ ಆಕಾಶದಲ್ಲಿ ತೇಲ್ದಂಗೆ ಆಯ್ತದಂತೆ. ನಮ್ಮನೆ ಮಂಚ ನೋಡಿದ್ರೆ ತಾತ ಕೆಮ್ಮಿದಂಗೆ ಆಯ್ತದೆ."

ಅದು ನನ್ನ ಮಾವ ಮಗ್ಗೆಯ ಮಹಾದೇವಯ್ಯನವರು ಮದುವೆಯಲ್ಲಿ ಕೊಟ್ಟ ಹಲಸಿನ ಮರದ ಮಂಚ. ಸೀದ ಬೆಲ್ಲದ ಬಣ್ಣ. ತಲೆಯ ಕಡೆ ಎರಡು ನವಿಲು, ಅದರಲ್ಲಿ ಒಂದಕ್ಕೆ ತಲೆಯಿಲ್ಲ. ಪುಷ್ಪಾ ದೂರಿರಲಿಲ್ಲ, ಸುಮ್ಮನೆ ಹೇಳಿದ್ದಳು ಅಷ್ಟೇ. ಆದರೆ ಒಂದು ಕಾಲದಲ್ಲಿ ನನ್ನ ಹೆಗಲ ಮೇಲೆ ಕೂತು ಇಡೀ ತೋಟ ಸುತ್ತಿದ ಹುಡುಗಿ ಈಗೀಗ "ಬಸ್ಸು ತಪ್ಪೋಯ್ತು, ಸ್ಕೂಟರಲ್ಲಿ ಬಿಡಿ" ಎನ್ನಲು ಮಾತ್ರ ಬಾಯಿ ಬಿಡುತ್ತಿದ್ದಳು. ಅವಳು ಆಸೆಯನ್ನು ಬಾಯಿಬಿಟ್ಟು ಹೇಳಿದ ಮೇಲೆ ಸುಮ್ಮನಿರಲು ನಾನೇನು ನವಿಲೇ?

ಶನಿವಾರ ಬೆಳಿಗ್ಗೆ ಆಂಥೋನಿಯ ಮುಂದೆ ಹೋಗಿ ನಿಂತೆ.

"ನೀರಿನ ಟ್ಯಾಂಕಿಗೆ ಹೊಡ್ದು ಉಳಿದ ನೀಲಿ ಐತೆ ರೈಟ್ರೇ. ಮರಕ್ಕೆ ನಂಬರ್ ಬರೆಯೋ ಬಿಳೀನೂ ಚೂರು ಐತೆ. ಸುಮ್ನೆ ತಗಂಡೋಗಿ. ಆದ್ರೆ ಹಳೇ ಮಾಲು, ಒಣಗೋದು ನಿಧಾನ."

"ಸುಮ್ನೆ" ಎಂಬುದರ ನಂತರದ ಯಾವ ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ತಾಯಿ ಮಗಳು ಪರದೆ ಬಟ್ಟೆ ತರಲು ಯಸಳೂರಿಗೆ ಹೋದರು. ನಾನು ಮಂಚದ ಹಲಗೆಯನ್ನು ಚೌಕಟ್ಟಿನಿಂದ ಎಬ್ಬಿಸಿ, ಅಂಗಳಕ್ಕೆ ಎಳೆದು, ಎರಡು ಸ್ಟೂಲುಗಳ ಮೇಲೆ ಮಲಗಿಸಿದೆ. ಮಾರ್ಚ್ ತಿಂಗಳು. ಕಾಫಿ ಹೂವಾಗಿತ್ತು. ಗುಡ್ಡದ ಉದ್ದಕ್ಕೂ ಹಾಲು ಚೆಲ್ಲಿದಂತೆ ಬಿಳುಪು. ಆ ಪರಿಮಳದಲ್ಲಿ ಉಸಿರಾಡಿದರೆ ಲೆಕ್ಕಪತ್ರ ಬರೆಯುವವನೂ ಅರೆಗಣ್ಣಾಗುತ್ತಾನೆ. ನಾನಂತೂ ಪೂರ್ತಿ ಮೈಮರೆತೆ.

ನೀಲಿ ಬಳಿದೆ. ಅದರ ಮೇಲೆ ಮೋಡ ಬಿಡಿಸಿದೆ. ಒಂದು ಮೋಡ ಆನೆಯಂತಾಯಿತು, ಇನ್ನೊಂದು ಸಾಹುಕಾರರ ಹೊಟ್ಟೆಯಂತಾಯಿತು. ಹಿಂದೆ ಸರಿದು ನೋಡಿದರೆ, ಆಹಾ! ತಲೆಯ ಮೇಲಿನ ಆಕಾಶವೇ ಸ್ವಲ್ಪ ಮಾಸಿದಂತೆ ಕಂಡಿತು. ಮಲಗಿದರೆ ನಿಜವಾಗಿಯೂ ತೇಲಿದಂತಾಗುವುದೇ? ಪರೀಕ್ಷಿಸದೆ ಮಗಳಿಗೆ ಕೊಡುವುದು ಸರಿಯೇ? ಒಂದು ಮೂಲೆಯನ್ನು ಬೆರಳಿನಿಂದ ಮುಟ್ಟಿದೆ. ಅಂಟಲಿಲ್ಲ. ಒಣಗಿದೆ! (ಆ ಮೂಲೆಗೆ ನಾನು ಬಣ್ಣವನ್ನೇ ಹಚ್ಚಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.) ಅಂಗಿ ಕಳಚಿ, ಬನಿಯನ್ನಿನಲ್ಲಿ, ಎರಡೂ ಕೈ ಚಾಚಿ ಮಲಗಿದೆ.

ತೇಲಿದೆ! ಸ್ಟೂಲು ಬಿಟ್ಟು ಹಲಗೆ ಮೆಲ್ಲಗೆ ಮೇಲೆದ್ದಿತು. ಬಿಳಿ ತೋಟಗಳು ಕೆಳಗೆ ಸರಿದವು. ದೋಣಿಗಲ್ಲಿನ ಘಾಟಿಯಲ್ಲಿ ರೈಲು ನೂರು ಕಾಲಿನ ಚೋರಟೆ ಹುಳದ ಹಾಗೆ ಹರಿಯುತ್ತಿತ್ತು. ಪುಟ್ಟ ಪುಷ್ಪಾ ನನ್ನ ಪಕ್ಕದಲ್ಲಿ ಕೂತು ಮೋಡ ಹರಿದು ಹರಿದು ನನ್ನ ಬಾಯಿಗಿಡುತ್ತಿದ್ದಳು. ಸಿಹಿಯಾಗಿತ್ತು. ಅಷ್ಟರಲ್ಲಿ ರೈಲು ಸಿಳ್ಳೆ ಹಾಕಿತು.

"ರೀ! ಏನ್ರೀ ಇದು ಅವತಾರ!"

ಸಿಳ್ಳೆಯಲ್ಲ, ಸುಲೋಚನಾ.

"ಏಳಿ ಮೇಲೆ!"

"ಏಳ್ತಾ ಇದೀನಿ ಕಣೆ, ಆಕಾಶ ಬಿಡ್ತಾ ಇಲ್ಲ!"

ನಾನು ಎದ್ದರೆ ಹಲಗೆಯೂ ಏಳುತ್ತಿತ್ತು. ಸುಲೋಚನಾ ಕತ್ತರಿ ತಂದು ಬನಿಯನ್ನಿನ ಎರಡೂ ಹೆಗಲು ಕತ್ತರಿಸಿದಳು. ಹಲಸಿನ ತೊಳೆಯಿಂದ ಬೀಜ ಜಾರಿದಂತೆ ನಾನು ಹೊರಬಂದೆ. ಬನಿಯನ್ ಅಲ್ಲೇ ಉಳಿಯಿತು. ಅದರ ಮೇಲ್ಗಡೆ ತಲೆಯ ಗುರುತು, ಎರಡೂ ಪಕ್ಕ ಚಾಚಿದ ಕೈಗಳ ಗುರುತು, ಎಲ್ಲ ನನ್ನ ಅಚ್ಚೇ! ಅಲ್ಲಿದ್ದ ನೀಲಿಯೆಲ್ಲ ನನ್ನ ಕೂದಲು, ಕತ್ತು, ತೋಳುಗಳಿಗೆ ವರ್ಗವಾಗಿತ್ತು.

ಸುಲೋಚನಾ ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅಲ್ಲಾ ಕಣ್ರೀ, ಇದರ ಮೇಲೆ ತಾನೆ ಹಾಸಿಗೆ ಹಾಸೋದು?"

"ಹೌದು."

"ಹಾಸಿಗೆ ಅಡೀಲಿರೋ ಆಕಾಶನ ಯಾರ್ ನೋಡ್ತಾರೆ?"

ನಾನು ಡಬ್ಬದೊಳಗೆ ಇಣುಕಿದೆ. ತಳ ಫಳಫಳ ಹೊಳೆಯುತ್ತಿತ್ತು. ಕಾಲು, ಚೌಕಟ್ಟು, ನವಿಲು, ಕಣ್ಣಿಗೆ ಕಾಣುವ ಯಾವುದಕ್ಕೂ ಒಂದು ತೊಟ್ಟು ಬಣ್ಣ ತಾಗಿರಲಿಲ್ಲ. ಸ್ಟೋರಿಗೆ ಓಡಿದೆ. ಆಂಥೋನಿ ಎರಡೂ ಕೈ ಕೊಡವಿ ತೋರಿಸಿದ.

ಪುಷ್ಪಾ ಪರದೆ ಬಟ್ಟೆಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಾಳೆ ಬತ್ತಾಳೆ ಅಪ್ಪಾಜಿ" ಎಂದಷ್ಟೇ ಹೇಳಿ, ಕಣ್ಣು ತುಂಬಿಕೊಂಡು ಒಳಗೆ ಹೋದಳು. ಹೊಳೆಯುವ ಡಬ್ಬದ ತಳದಲ್ಲಿ ಕಂಡ ನನ್ನ ಮುಖವನ್ನು ನೋಡಲು ನನಗೇ ಮನಸ್ಸಾಗಲಿಲ್ಲ.

ಸಂಜೆ ಜೆಸಿಂತಾ ಬಂದಳು. ಅಂಗಳದ ಹಲಗೆ ನೋಡಿ ನಗುತ್ತ ನಗುತ್ತ ನೆಲಕ್ಕೇ ಕುಸಿದಳು. ಆಮೇಲೆ ಕಣ್ಣೊರೆಸಿಕೊಂಡು, "ಏ ಪುಷ್ಪಾ, ಇದನ್ನ ಎತ್ತಿ ಗೋಡೆಗೆ ನಿಲ್ಸಿದ್ರೆ ಹೆಂಗೆ?" ಎಂದಳು. ಒಳಗಿನಿಂದ ಮೊದಲು ಬಿಕ್ಕಿದ ಸದ್ದು, ಬೆನ್ನಿಗೇ ಕಿಸಕ್ಕೆಂದ ಸದ್ದು ಬಂತು.

ಚೌಕಟ್ಟು ಕೊಟ್ಟಿಗೆಗೆ ಹೋಯಿತು. ಮರುದಿನ ಬೆಳಿಗ್ಗೆ ಹುಡುಗಿಯರು ನೆಲದ ಮೇಲೆ ಚಾಪೆ, ಅದರ ಮೇಲೆ ಹಾಸಿಗೆ ಹಾಸಿ, ತಲೆಯ ಕಡೆ ಗೋಡೆಗೆ ಹಲಗೆ ಆನಿಸಿ, ಪರದೆ ಕಟ್ಟಿದರು. ನಾನು ಮೆಲ್ಲಗೆ ಇಣುಕಿದೆ. ಪರದೆ ಗಾಳಿಗೆ ಅಲುಗಿದಾಗ ಬೆಳಕೂ ಅಲುಗಿ, ಮೋಡಗಳು ನಿಜಕ್ಕೂ ಸರಿಯುತ್ತಿದ್ದವು. ನಟ್ಟನಡುವೆ, ಹಾರಿ ಬಂದು ಅಂಟಿದ ಕಾಫಿ ಹೂವಿನ ಎಸಳುಗಳ ನಡುವೆ, ಕೈ ಚಾಚಿಕೊಂಡು ನಾನು.

"ಬನಿಯನ್ ಕಿತ್ತಾಕ್ಲಾ ಮಗಾ?"

"ಬ್ಯಾಡಿ ಅಪ್ಪಾಜಿ. ಇರೋದ್ರಲ್ಲಿ ಅದೇ ಚೆನ್ನಾಗಿರೋ ಮೋಡ."

ಅವಳು ನಕ್ಕಳು, ನನ್ನ ಕಡೆಗೇ ನೋಡಿ. ಎಷ್ಟು ಕಾಲವಾಗಿತ್ತು!

ಸುಸಾನ್ ಬರುವ ಹೊತ್ತಿಗೆ ಸುಲೋಚನಾ ನನ್ನನ್ನು ಸೀಮೆಎಣ್ಣೆ, ಸೋಪುಗಳ ಜೊತೆ ಬಚ್ಚಲಿಗೆ ಅಟ್ಟಿದ್ದಳು. ಉಜ್ಜುತ್ತಲೇ ಕಿವಿಗೊಟ್ಟೆ.

"ಎಷ್ಟು ಚಂದ ಉಂಟು ಮಾರಾಯ್ತಿ! ನನ್ನ ರೂಮಲ್ಲಿ ಬರೀ ನೀಲಿ, ಮೋಡ ಇಲ್ಲ!"

ನನ್ನ ಎದೆ ಉಬ್ಬಿತು. ಮೆಚ್ಚುಗೆಯನ್ನು ಖುದ್ದಾಗಿ ಸ್ವೀಕರಿಸದಿದ್ದರೆ ಕಲಾವಿದನಿಗೆ ಶೋಭೆಯೇ? ಬಿಳಿ ಪಂಚೆ, ಹೊಸ ಬನಿಯನ್ ತೊಟ್ಟು ಕೋಣೆಯ ಬಾಗಿಲಿಗೆ ಬಂದೆ. ಸುಸಾನ್ ನನಗೆ ಬೆನ್ನು ಮಾಡಿ, ಹಲಗೆಯ ಮುಂದೆ ನಿಂತಿದ್ದಳು. ಅವಳ ದನಿ ತಗ್ಗಿತ್ತು.

"ಅಲ್ಲಿ ಮೋಡದ ನಡುವೆ, ಬಿಳಿ ಬಟ್ಟೆಯಲ್ಲಿ, ಅದು ಯಾರು?"

"ನಮ್ಮಪ್ಪಾಜಿ," ಎಂದಳು ಪುಷ್ಪಾ ಹೆಮ್ಮೆಯಿಂದ.

ಸುಸಾನ್ ಶಿಲುಬೆಯ ಗುರುತು ಮಾಡಿಕೊಂಡಳು. "ಪಾಪ. ತೀರಿಹೋಗಿ ಎಷ್ಟು ಸಮಯ ಆಯ್ತು?"

ನಾನು ಕೆಮ್ಮಿದೆ. ಅವಳು ತಿರುಗಿದಳು. ಬಾಗಿಲಲ್ಲಿ ಅದೇ ಬಿಳಿ ಉಡುಪು, ಅದೇ ತೋಳುಗಳು, ಸುತ್ತ ಆಕಾಶದ ನೀಲಿ ಮೆತ್ತಿದ ತಲೆ! ಅವಳ ಕಿರುಚಾಟಕ್ಕೆ ಹಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

ಕಾಫಿ ತಟ್ಟೆ ಹಿಡಿದು ಬಂದ ಸುಲೋಚನಾ ಹುಡುಗಿಯ ಬೆನ್ನು ಸವರಿದಳು.

"ಹೆದರ್ಕಬ್ಯಾಡ ಮಗಾ. ಅವ್ರೂ ಹೋಗಿಲ್ಲ, ಬಣ್ಣಾನೂ ಹೋಗಿಲ್ಲ!"