ಕಂಪ್ಯೂಟರಿಗೆ ಹಿಡಿದ ಹಸಿ ಗೋಣಿತಟ್ಟು

ಮನುಷ್ಯನಿಗೆ ಹುಚ್ಚು ಹಿಡಿಯಲು ಪ್ರೇಮ, ನಾಟಕ, ಎಲೆಕ್ಷನ್ನು ಹೀಗೆ ನಾನಾ ದಾರಿಗಳಿವೆ. ನನಗೆ ಮಾತ್ರ ಅದು ಮುಂಬಯಿಯಿಂದ ಪಾರ್ಸಲ್ಲಿನಲ್ಲಿ ಬಂತು. ಎಂಬತ್ತರ ದಶಕದ ನಡುವಿನ ಮಾತು. ಗದಗಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು, ಬೆಟಗೇರಿಯ ನೇಕಾರರ ಓಣಿಯ ನಮ್ಮ ಮನೆಯಲ್ಲಿ, ಸ್ವಂತ ಕೈಯಿಂದ ಕಂಪ್ಯೂಟರ್ ಕಟ್ಟಲು ಹೊರಟೆ. ಓಣಿಯಲ್ಲಿ ಅದನ್ನು ಕಂಡವರು ಯಾರೂ ಇರಲಿಲ್ಲ. ಯಾರೂ ಕಾಣದ ವಸ್ತುವಿನ ವಿಷಯದಲ್ಲಿ ಪಂಡಿತನಾಗುವುದು ಎಷ್ಟು ಸುಲಭ! ನಾನೂ ಕಂಡಿರಲಿಲ್ಲ ಎಂಬುದನ್ನು ನಾನಾಗಿ ಹೇಳಲು ಹೋಗಲಿಲ್ಲ.

ಪಾರ್ಸಲ್ಲಿನಲ್ಲಿ ಬಂದದ್ದು ಒಂದು ಹಸಿರು ಹಲಗೆ, ಒಂದು ಕೀಲಿಮಣೆ, ಜೀರಿಗೆ ಸಾಸಿವೆಯಂಥ ಬಿಡಿಭಾಗಗಳ ಪೊಟ್ಟಣ, ಅಷ್ಟೆ. ಉಳಿದದ್ದೆಲ್ಲ ಮನೆಯಲ್ಲೇ ಹುಟ್ಟಬೇಕಿತ್ತು. ಪರದೆಗೆಂದು ಅವ್ವನ ಟಿ.ವಿ. ಹೋಯಿತು. ಬರೆದದ್ದನ್ನು ಕೂಡಿಡಲು ಫ್ಲಾಪಿಯೋ ಕ್ಯಾಸೆಟ್ಟೋ ಎಂದು ದಿನಗಟ್ಟಲೆ ತಲೆ ಕೆಡಿಸಿಕೊಂಡೆ. ಫ್ಲಾಪಿ ಓಡಿಸುವ ಯಂತ್ರ ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. ಆದ್ದರಿಂದ ಬಹಳ ಆಲೋಚಿಸಿ ಕ್ಯಾಸೆಟ್ಟನ್ನೇ ಆರಿಸಿದೆ. ಹೆಂಡತಿ ಸರೋಜಾಳ ಟೇಪ್ ರೆಕಾರ್ಡರ್ ನನ್ನ ಮೇಜಿಗೆ ಬಂತು. ಹಲಗೆಯ ಮೇಲಿನ ಒಂದು ಬಿಡಿಭಾಗವಂತೂ ಮುಟ್ಟಿದರೆ ಬೆರಳು ಚುರ್ ಎನ್ನುವಷ್ಟು ಕಾಯುತ್ತಿತ್ತು. ಅದು ಕಾದರೆ ಯಂತ್ರ ಪರದೆಯ ತುಂಬ ಅಡ್ಡಾದಿಡ್ಡಿ ಅಕ್ಷರ ಚೆಲ್ಲಿ ನಿಂತುಬಿಡುತ್ತಿತ್ತು. ತಂಪು ಮಾಡಲು ಅದರ ಬೆನ್ನಿಗೊಂದು ಅಲ್ಯುಮಿನಿಯಂ ತಗಡು ಬೇಕು. ಸರೋಜಾ ನನಗೆ ಬುತ್ತಿ ಕಟ್ಟುವ ಡಬ್ಬಿಯ ಮುಚ್ಚಳ ಕತ್ತರಿಸಿದೆ. ಅದೂ ಸಾಲದೆ, ಸುಡುಬೇಸಿಗೆಯಲ್ಲಿ ಅಪ್ಪ ಮಗ್ಗದ ಪಕ್ಕ ಇಟ್ಟುಕೊಂಡಿದ್ದ ಟೇಬಲ್ ಫ್ಯಾನನ್ನೂ ಹೊತ್ತು ತಂದೆ.

“ಟೀವಿ ನಂದು, ಟೇಪು ಅಕಿದು, ಫ್ಯಾನು ನಿಮ್ಮಪ್ಪಂದು. ಇದರಾಗ ನಿಂದೇನೈತೋ?” ಎಂದು ಅವ್ವ ಕೇಳಿದಳು.

“ತಲಿ, ಅವ್ವಾ.”

“ಅದಕ್ಕ ನಿಂತೈತಿ ಅದು!”

ಕೊನೆಗೆ ತೀರ್ಪು ಕೊಟ್ಟವನು ಅಪ್ಪ. “ತಮ್ಮಾ, ರವಿವಾರ ಸಂಜಿಕೆ ಓಣಿ ಮಂದಿ ಸಿನಿಮಾ ನೋಡಾಕ ಬರ್ತಾರ. ಅದರಕಿಂತ ಮೊದಲ ನಿನ್ನ ಮಿಷನ್ನು ನನ್ನ ಹಕ್ಕಿ ದಡಿ ಬರದು ತೋರಸಲಿ. ತೋರಿಸಿದ್ರ ಇರಲಿ. ಇಲ್ಲಂದ್ರ ಅಟ್ಟಕ್ಕ!” ಚಳಿಗಾಲದಲ್ಲಿ ಮಾಗಡಿ ಕೆರೆಗೆ ಇಳಿಯುವ ಹಕ್ಕಿಗಳನ್ನು ನೋಡಿ ಅಪ್ಪ ತಾನೇ ಕಟ್ಟಿದ ಸೀರೆಯಂಚಿನ ದಡಿ ಅದು. ಒಂದೇ ದಿಕ್ಕಿಗೆ ಮುಖ ಮಾಡಿದ ಹಕ್ಕಿಗಳ ಸಾಲು. ಅಪ್ಪ ಚೌಕಳಿ ಕಾಗದದ ಮನೆಗಳನ್ನು ತುಂಬಿ ಹಕ್ಕಿ ಮಾಡುತ್ತಾನೆ. ನಾನೂ ಪರದೆಯ ಮೇಲೆ ಚುಕ್ಕಿ ತುಂಬಿಯೇ ಮಾಡಬೇಕು. ಇದು ಹೊಳೆದಾಗ ನಾನು ಕುಣಿದಾಡಿಬಿಟ್ಟೆ. ಅಯ್ಯೋ, ಮಗ್ಗಕ್ಕೂ ಕಂಪ್ಯೂಟರಿಗೂ ಒಂದೇ ಗೋತ್ರ! ವಾರವಿಡೀ ಕೂತು ಅಂಕಿಗಳನ್ನು ಒತ್ತಿ ಒತ್ತಿ ಕ್ಯಾಸೆಟ್ಟಿಗೆ ತುಂಬಿದೆ.

ರವಿವಾರ ಪಡಸಾಲೆ ತುಂಬಿತು. ಗುಂಡಿ ಒತ್ತಿದೆ. ಕ್ಯಾಸೆಟ್ಟು ಕೀಂ, ಕರ್ರ್ ಎಂದು ಒದರತೊಡಗಿತು. ನೂಲಿಗೆ ಬಣ್ಣ ಹಾಕುವ ಹುಸೇನಸಾಬರು ಮುಖ ಕಿವಿಚಿ, “ಗಾಲಿಗೆ ಎಣ್ಣಿ ಬಿಟ್ಟಿಲ್ಲೇನ್ರಿ?” ಎಂದರು. ಒದರಾಟ ನಿಂತಿತು. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಕೊಕ್ಕು ಮೂಡಿತು, ಆಮೇಲೆ ಕುತ್ತಿಗೆ, ಆಮೇಲೆ ರೆಕ್ಕೆ. ಹಕ್ಕಿ! “ಯವ್ವಾ!” ಎಂದಳು ಅವ್ವ. ಇನ್ನೊಂದು, ಮತ್ತೊಂದು! ಅಪ್ಪ ಎದ್ದೇ ನಿಂತ. ನಾಲ್ಕನೆಯ ಹಕ್ಕಿಯೂ ಬಂತು, ಆದರೆ ಅದರ ಮುಖ ಹಿಂದಕ್ಕೆ ತಿರುಗಿತ್ತು. ಎಲ್ಲೋ ಅಂಕಿ ತಪ್ಪಿ ಒತ್ತಿದ್ದೆ.

“ಇದ್ಯಾಕ ಹೊಳ್ಳಿ ನೋಡಾಕ ಹತ್ತೇತಿ?” ಎಂದ ಅಪ್ಪ.

“ಅದು ಹಿಂದ ಉಳದವರನ್ನ ಕರಿಯಾಕ ಹತ್ತೇತಪಾ,” ಎಂದೆ, ಮಾನ ಬಿಟ್ಟು. ಅಷ್ಟರಲ್ಲಿ ಪರದೆ ನಡುಗಿತು. “ಅಯ್ಯಯ್ಯೋ, ಕಾಯಾಕ ಹತ್ತೇತಿ!” ಎಂದು ಕಿರುಚಿದೆ.

ಬೇಸಿಗೆಯ ಒಣಗಾಳಿಗೆ ಮಗ್ಗದ ನೂಲು ಪಟಪಟ ಹರಿಯುತ್ತದೆ. ಆಗ ನಮ್ಮ ಓಣಿಯವರು ನೆಲಕ್ಕೆ ನೀರು ಚಿಮುಕಿಸಿ ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟುತ್ತಾರೆ. ಅಜ್ಜ ಮುತ್ತಜ್ಜರ ಕಾಲದ ಮದ್ದು ಅದು. ಕಾಯುವ ಕಾಯಿಲೆಗೆ ಅಪ್ಪನಿಗೆ ತಿಳಿದಿದ್ದ ಮದ್ದು ಅದೊಂದೇ. ಓಡಿಹೋಗಿ ತಟ್ಟನ್ನು ನೀರಿನ ಬಾನಿಯಲ್ಲಿ ಅದ್ದಿ ತಂದು ಫ್ಯಾನಿನ ಮುಂದೆ ಹಿಡಿದ. ಆಹಾ, ಎಂಥ ತಂಪು ಗಾಳಿ! ಮಂದಿಯೆಲ್ಲ “ಹಾ!” ಎಂದರು. ಓದಿದವನು ನಾನು, ನಾನೂ “ಹಾ!” ಎಂದೆ. ಗಾಳಿಯ ಬೆನ್ನಿಗೆ ಹನಿಗಳೂ ಬಂದವು. ಚಟ್! ಹಲಗೆಯಿಂದ ಒಂದು ಎಳೆ ಹೊಗೆ ಎದ್ದಿತು, ಹಕ್ಕಿಗಳೆಲ್ಲ ಹಾರಿಹೋದವು.

ಹುಸೇನಸಾಬರು ಮೆಲ್ಲಗೆ, “ಸಿನಿಮಾ ಐತಲ್ರಿ?” ಎಂದು ಕೇಳಿದರು. ಇತ್ತು. ಪುಣ್ಯಕ್ಕೆ ಟಿ.ವಿ. ಬದುಕಿತ್ತು. ಅಪ್ಪ ಮಾತ್ರ ನೀರು ಸೋರುವ ತಟ್ಟು ಹಿಡಿದು ನಿಂತೇ ಇದ್ದ. “ತಮ್ಮಾ, ನೂಲು ಹರದ್ರ ಗಂಟು ಹಾಕ್ತೇವಿ. ಇದಕ್ಕ ಗಂಟು ಎಲ್ಲಿ ಹಾಕಬೇಕೋ?” ಎಂದ. ನನಗೆ ಅಳು ಬಂತು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಯಂತ್ರ ಅಟ್ಟ ಸೇರಿತು. ಅದಿಲ್ಲದೆ ಕ್ಯಾಸೆಟ್ಟಿನ ಒದರಾಟ ಯಾರಿಗೂ ಅರ್ಥವಾಗುವಂತಿರಲಿಲ್ಲ. ದೀಪಾವಳಿಗೆ ಅಪ್ಪ ಸೊಸೆಗೊಂದು ಸೀರೆ ನೇಯ್ದು ಕೊಟ್ಟ. ಬಿಚ್ಚಿ ನೋಡಿದರೆ ದಡಿಯ ತುಂಬ ಹಕ್ಕಿಗಳು, ಪ್ರತಿ ನಾಲ್ಕನೆಯದೂ ಹಿಂದೆ ತಿರುಗಿದೆ!

“ಅಪ್ಪಾ, ಅದು ನನ್ನ ತಪ್ಪು.”

“ಗೊತ್ತೈತಿ ಬಿಡೋ. ಚಂದ ಐತಿ.”

ಆಮೇಲೆ ಲಕ್ಷ್ಮೇಶ್ವರ, ಮುಂಡರಗಿಯ ಅಂಗಡಿಗಳಲ್ಲೂ ಹೆಂಗಸರು ‘ಹೊಳ್ಳಿ ನೋಡೋ ಹಕ್ಕಿ’ಯ ಸೀರೆ ಕೇಳತೊಡಗಿದರು. ಬರೆದದ್ದನ್ನು ಕೂಡಿಡಲು ಫ್ಲಾಪಿಯೋ ಕ್ಯಾಸೆಟ್ಟೋ ಎಂದು ತಲೆ ಕೆಡಿಸಿಕೊಂಡವನು ನಾನು, ಅದು ಉಳಿದದ್ದು ಸೀರೆಯಲ್ಲಿ! ಸರೋಜಾ ಆ ಸೀರೆಯನ್ನು ಎಷ್ಟು ಒಗೆದರೂ ಬಣ್ಣ ಹೋಗಿಲ್ಲ, ನನ್ನ ತಪ್ಪೂ ಹೋಗಿಲ್ಲ. ಅದನ್ನುಟ್ಟ ದಿನ ಅವಳು ನನ್ನ ಬುತ್ತಿ ಡಬ್ಬಿಗೆ ಮುಚ್ಚಳದ ಬದಲು ಬಟ್ಟೆ ಕಟ್ಟಿ ಕೈಗೆ ಕೊಡುತ್ತಾಳೆ. ನಾನು ತೆಪ್ಪಗೆ ಕಚೇರಿಗೆ ಹೊರಡುತ್ತೇನೆ, ಹೊಳ್ಳಿ ನೋಡದೆ.