ಅಜ್ಜಿಯ ವಿಡಿಯೋ ಮತ್ತು ಹೊಸ ಡಿಸ್ಕು

ಆಡೊಮಾಕೊನ ಕಂಪ್ಯೂಟರ್ ಪೆಟ್ಟಿಗೆ ತುಂಬಿಹೋಗಿತ್ತು. ರಗಳೆಗೆಲ್ಲ ಅದೇ ಮೂಲ. ಘಾನಾದ ಕುಮಾಸಿ ನಗರದ ಒಂದು ವಠಾರದಲ್ಲಿ, ತನ್ನ ಬಾಡಿಗೆ ಕೋಣೆಯಲ್ಲಿ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಎಲ್ಲರ ಮನೆಯ ಮದುವೆ, ನಾಮಕರಣ, ಸಾವಿನ ವಿಡಿಯೋಗಳನ್ನು ಅದರಲ್ಲಿ ಕೂಡಿಟ್ಟಿದ್ದ. ಬೇಕಾದವರು ಅಂಗಳದ ಟಿವಿಯಲ್ಲಿ ಹಾಕಿಕೊಂಡು ನೋಡುತ್ತಿದ್ದರು. ಜಾಗ ಸಾಲದೆ ಶನಿವಾರ ಬೆಳಗ್ಗೆ ಹೊಸ ಹಾರ್ಡ್ ಡಿಸ್ಕ್ ತಂದ.

ಅಂದೇ ಮನೆಯೊಡತಿ ಸೆರ್ವಾ ಆಂಟಿಯ ತಾಯಿ ತೀರಿಕೊಂಡು ಒಂದು ವರ್ಷ. ನಾಲ್ಕು ಗಂಟೆಗೆ ನೆಂಟರು ಬಂದು ಅಂತ್ಯಕ್ರಿಯೆಯ ವಿಡಿಯೋ ನೋಡುವವರಿದ್ದರು. ಆರು ಗಂಟೆ ಉದ್ದದ ಅದನ್ನು ಆಂಟಿಯೊಬ್ಬರನ್ನು ಬಿಟ್ಟು ಯಾರೂ ಪೂರ್ತಿ ನೋಡಿರಲಿಲ್ಲ.

"ಅಮ್ಮನ ವಿಡಿಯೋಗೆ ಏನಾದ್ರೂ ಆದ್ರೆ ಕೋಣೆ ಖಾಲಿ ಮಾಡ್ಬೇಕು, ತಿಳೀತಾ?" ಎಂದು ಆಂಟಿ ವಠಾರಕ್ಕೆಲ್ಲ ಕೇಳುವಂತೆ ಹೇಳಿದ್ದರು.

ಆಡೊಮಾಕೊ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುತ್ತಿದ್ದಂತೆ ಪಕ್ಕದ ಮನೆಯ ಟೆಟೆ ಮೇಷ್ಟ್ರು ಟಾರ್ಚ್ ಹಿಡಿದು ಹಾಜರಾದರು.

"ಇನ್ನೂ ಗಟ್ಟಿಯಾಗಿ ಒತ್ತಪ್ಪಾ. ಸರಿ, ನಾನೇ ಒತ್ತುತ್ತೀನಿ" ಎಂದು ಒಳಗೆ ಕೈಹಾಕಿದರು. ಅವರ ಮೊಣಕೈ ಎಲ್ಲೆಲ್ಲಿಗೋ ತಗುಲಿತು.

ಲಿನಕ್ಸ್ ಡಿಸ್ಕುಗಳನ್ನು ಸಾಲಾಗಿ ಎ, ಬಿ, ಸಿ ಎಂದು ಕರೆಯುತ್ತದೆ. 'ಎ'ಯಲ್ಲಿ ಲಿನಕ್ಸ್ ತಾನೇ ಇತ್ತು, ಹಳೆಯ ವಿಡಿಯೋಗಳ ಡಿಸ್ಕು 'ಬಿ'. ಹೊಸದು 'ಸಿ' ಆಗಬೇಕು. ಹೊಸದನ್ನು ಬಳಸುವ ಮುಂಚೆ ಪೂರ್ತಿ ಒರೆಸಿ ಸಜ್ಜುಮಾಡಬೇಕು, ಆದರೆ ಯಾವುದು ಯಾವ ಅಕ್ಷರವೆಂದು ಮೊದಲು ಪಟ್ಟಿ ನೋಡಿಯೇ ಒರೆಸಬೇಕು. ಮೇಷ್ಟ್ರ "ಬೇಗ, ಬೇಗ"ದ ನಡುವೆ ಆಡೊಮಾಕೊ ಪಟ್ಟಿ ನೋಡಲಿಲ್ಲ. ಎರಡು ವರ್ಷದ ರೂಢಿಯ ಬೆರಳು 'ಬಿ' ಒತ್ತಿತು. ಡಿಸ್ಕು ಪೂರಾ ಒರೆಸಿಹೋಯಿತು. ವಿಡಿಯೋಗಳ ಫೋಲ್ಡರ್ ತೆರೆದರೆ ಖಾಲಿ.

ಅವನು ನೇರವಾಗಿ ಆಂಟಿಯ ಅಡುಗೆಮನೆಗೆ ಹೋಗಿ ನಿಂತ.

"ಆಂಟಿ, ಅಜ್ಜಿಯ ವಿಡಿಯೋ ಅಳಿಸಿಬಿಟ್ಟೆ."

ಆಂಟಿ ಸೌಟು ಕೆಳಗಿಟ್ಟರು. "ಪೂರ್ತಿನಾ?"

"ಪೂರ್ತಿ."

"ಯಾರಾದ್ರೂ ವಾಪಸ್ ತರಬಹುದಾ?"

"ಇಲ್ಲ ಆಂಟಿ."

ಆಂಟಿ ದೀರ್ಘವಾಗಿ ಉಸಿರುಬಿಟ್ಟರು. "ಹೋಗ್ಲಿ ಬಿಡು ಮಗಾ. ಅಮ್ಮ ಮನಸ್ಸಲ್ಲಿದ್ದಾಳೆ. ಕೂತ್ಕೋ, ಫುಫು ಮುದ್ದೆ ತಿನ್ನು. ನೀನು ಇರೋಷ್ಟು ದಿನ ಆ ಕೋಣೆ ನಿಂದೇ."

ಸಾರಿನಲ್ಲಿ ಎರಡು ತುಂಡು ಮಾಂಸ ಬೇರೆ. ಆಡೊಮಾಕೊಗೆ ಕಣ್ಣಲ್ಲಿ ನೀರು ಬಂತು. ಇಂಥ ದೊಡ್ಡ ಮನಸ್ಸನ್ನು ಅವನು ಎಲ್ಲೂ ಕಂಡಿರಲಿಲ್ಲ.

ನಾಲ್ಕಕ್ಕೆ ನೆಂಟರು ಅಂಗಳ ತುಂಬಿದರು. ಆಂಟಿ ಸೆರಗಿನಷ್ಟಗಲದ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ಯಂತ್ರ ಅಮ್ಮನ್ನ ನುಂಗಿಬಿಡ್ತು. ಅವಳನ್ನ ಹೂಳೋವರೆಗೂ ನಾನು ಮೂರು ದಿನ ಒಂದು ತುತ್ತೂ ಬಾಯಿಗಿಟ್ಟಿರ್ಲಿಲ್ಲ. ನಿಮಗೆಲ್ಲ ಗೊತ್ತಲ್ಲ."

ನೆಂಟರು ತಲೆದೂಗಿದರು. ಆ ಉಪವಾಸಕ್ಕಾಗಿಯೇ ವರ್ಷದಿಂದ ಎಲ್ಲ ಕಾರ್ಯಗಳಲ್ಲೂ ಅವರಿಗೆ ಮುಂದಿನ ಕುರ್ಚಿ.

"ಅಳಬೇಡಮ್ಮಾ" ಎಂದರು ಟೆಟೆ ಮೇಷ್ಟ್ರು, ರಿಮೋಟ್ ಎತ್ತಿಕೊಳ್ಳುತ್ತ. "ಹಳೇ ಡಿಸ್ಕಿನ ತಂತಿ ಕಳಚಿಕೊಂಡಿತ್ತು. ಈಗಷ್ಟೇ ಸಿಗಿಸಿ, ಆಫ್ ಮಾಡಿ ಆನ್ ಮಾಡಿದೆ. ಎಲ್ಲ ಇದೆ."

ಹಳೆಯದು ಕಳಚಿಕೊಂಡಿದ್ದರಿಂದ ಹೊಸದೇ 'ಬಿ' ಆಗಿ ಕೂತಿತ್ತು! ಆಡೊಮಾಕೊ ಒರೆಸಿದ್ದು ಸರಿಯಾದದ್ದನ್ನೇ. ಅವನ ಎದೆಯ ಮೇಲಿನ ಬಂಡೆ ಇಳಿಯಿತು. ಸಂತೋಷದಿಂದ ಆಂಟಿಯ ಕಡೆ ತಿರುಗಿದ.

ಮೇಷ್ಟ್ರು ವಿಡಿಯೋವನ್ನು ನಡುವಿಗೆ ಓಡಿಸಿದರು. ಶವಪೆಟ್ಟಿಗೆ ಇನ್ನೂ ಇಟ್ಟಿದ್ದ ಶಾಮಿಯಾನದ ಹಿಂದೆ ಸೆರ್ವಾ ಆಂಟಿ ಕುಕ್ಕರಗಾಲಲ್ಲಿ ಕೂತು, ಅನ್ನದ ಬೋಗುಣಿ ಮಡಿಲಲ್ಲಿಟ್ಟುಕೊಂಡು, ಮೇಕೆಯ ತೊಡೆ ಕಚ್ಚುತ್ತಿದ್ದರು. ಕ್ಯಾಮೆರಾದವನು ಇನ್ನೂ ಹತ್ತಿರ ಹೋಗಿದ್ದ.

ನೆಂಟರ ತಲೆಗಳೆಲ್ಲ ಆಂಟಿಯ ಕಡೆ ತಿರುಗಿದವು. ಆಂಟಿ ಟಿವಿ ನೋಡುತ್ತಿರಲಿಲ್ಲ, ಆಡೊಮಾಕೊನನ್ನು ನೋಡುತ್ತಿದ್ದರು.

ಹೊಸ ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಸಂಜೆಯ ಹೊತ್ತಿಗೆ ವಠಾರದಲ್ಲಿ ಅವನಿಗೇ ಜಾಗ ಇರಲಿಲ್ಲ.