ಬೀಗರಿಗೆ ಉಂಡಿ

ನನ್ನ ಅಕ್ಷರ ಚೆನ್ನಾಗಿಲ್ಲ, ದಯವಿಟ್ಟು ಕ್ಷಮಿಸಿ. ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಹಾಗಾಗಿ ಶಬ್ದಗಳೂ ಕಡಿಮೆ. ತಪ್ಪಿದಲ್ಲೆಲ್ಲ ಗೀಟು ಹೊಡೆದು ಮತ್ತೆ ಬರೆದಿದ್ದೇನೆ. ಆದರೆ ಯಾವುದನ್ನೂ ಹೆಚ್ಚು ಮಾಡಿ ಹೇಳಿಲ್ಲ. ನಮ್ಮ ಶಾಂತಪ್ಪ ಕಾಕಾ ಇದ್ದ ಕಡೆ ಅದರ ಅಗತ್ಯ ಬೀಳುವುದೇ ಇಲ್ಲ.

ವಡಾಲದ ಚಾಳಿನಲ್ಲಿ ಕಾಕಾನದು ಒಂದೇ ಖೋಲಿ, ಅದರೊಳಗೊಂದು ಹಲಗೆಯ ಅಟ್ಟ. ಅಟ್ಟದ ಮೇಲೆ ಊರಿನಿಂದ ಬಂದ ಎರಡು ಚೀಲ ಬಿಳಿಜೋಳ. ಇಲಿಗಳು ಚೀಲಕ್ಕೆ ಕಿಟಕಿ, ಬಾಗಿಲು ಎಲ್ಲ ಕೊರೆದು ಸಂಸಾರ ಹೂಡಿದ್ದವು.

"ಇಲಿ ಹಿಡಿಯೂ ಒಂದು ಪಿಂಜ್ರಾ ತರ್ರಿ," ಎಂದಳು ಕಾಕು ರುಕ್ಮಿಣಿಬಾಯಿ.

"ಪಿಂಜ್ರಾ?" ಕಾಕಾ ಮೀಸೆ ತಿರುವಿದ. "ಹನ್ನೆರಡು ಎಕರೆ ಜೋಳಾ ಇಲಿ ಬಾಯಿಂದ ಉಳಿಸಿದಾವ ನಾನು! ಈ ಖೋಲಿ ನನಗ ಯಾವ ಲೆಕ್ಕ? ರವಿವಾರ ಸಂಜೀಮಟ ಒಂದ ಒಂದು ಇಲಿ ಉಳದ್ರ ನನ್ನ ಮೀಸಿ ಬೋಳಿಸು!"

"ಕ್ಷೌರದ ವಸ್ತರಾ ಹುಡುಕಿ ಇಟ್ಟಿರ್ತೀನಿ," ಎಂದಳು ಕಾಕು.

ಕಾಕಾನದು ಹೊಲದ ಶಾಸ್ತ್ರ. ಮೂರು ದಿನ ಒಂದೇ ಹೊತ್ತಿಗೆ ಜೋಳದ ಹಿಟ್ಟು, ಬೆಲ್ಲ, ಶೇಂಗಾ ಎಣ್ಣೆ ಕಲಸಿದ ಬರಿ ಉಂಡಿ ಇಟ್ಟು ಇಲಿಯ ಅನುಮಾನ ಕಳೆಯಬೇಕು. ನಾಲ್ಕನೆಯ ದಿನ ಅದೇ ಹೊತ್ತಿಗೆ, ಅದೇ ಉಂಡಿಯಲ್ಲಿ ವಿಷ! ಇದಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಇಲಿಯ ಹೆಸರನ್ನಾಗಲಿ ವಿಷದ ಹೆಸರನ್ನಾಗಲಿ ಯಾರೂ ಎತ್ತಬಾರದು. ಇಲಿ ಕೇಳಿಸಿಕೊಂಡರೆ ಉಂಡಿ ಮೂಸುವುದೂ ಇಲ್ಲವಂತೆ. ಅದಕ್ಕೇ ಕಾಕಾನ ಊರಿನ ಹೊಲಗಳಲ್ಲಿ ಇಲಿಗೆ 'ಬೀಗರು' ಅನ್ನುತ್ತಾರೆ, ವಿಷಕ್ಕೆ 'ಮಸಾಲಿ'.

ಉಂಡಿ ಕಟ್ಟುವ ಕೆಲಸ ನನ್ನದು. ಎಲ್ಲವನ್ನೂ ಒಂದೇ ಅಳತೆಗೆ ಕಟ್ಟಿದೆ. ದಿನಾ ಸಂಜೆ ಸರಿಯಾಗಿ ನಾಲ್ಕಕ್ಕೆ ಔತಣ. ಮೊದಲ ದಿನ ಏಳು ಉಂಡಿ ಖಾಲಿಯಾದವು, ಮೂರನೆಯ ದಿನ ಇಪ್ಪತ್ತೊಂದು!

"ಮದುವಿಯಾಗಿ ಇಪ್ಪತ್ತಾರು ವರ್ಷಾತು, ನನಗ ಒಂದಿನಾ ಇಷ್ಟು ಬೆಲ್ಲಾ ಹಾಕಿ ಉಂಡಿ ಕಟ್ಟಿಸಿಲ್ಲ," ಎಂದು ಕಾಕು ಗೊಣಗಿದಳು. ಪಕ್ಕದ ಖೋಲಿಯ ಯಾಕೂಬ ಚಾಚಾ ಕಾಕಾನನ್ನು ಹೊರಗೆ ಕರೆದು, "ಶಾಂತಪ್ಪಣ್ಣಾ, ನಮ್ಮ ಮನ್ಯಾಗ ಈಗ ಒಂದೂ ಇಲಿ ಇಲ್ಲ ನೋಡು. ಎಲ್ಲಿ ಹೋದುವೋ ಏನೋ!" ಎಂದು ಖುಷಿಪಟ್ಟು ಹೋದರು. ಎಲ್ಲಿ ಹೋಗಿದ್ದವೆಂದು ಕಾಕಾನೂ ಹೇಳಲಿಲ್ಲ.

ರವಿವಾರ ನಿಜವಾದ ಬೀಗರೂ ಬರುವವರಿದ್ದರು. ಕಾಕಾನ ಮಗಳು ಶೀತಲ್ ಮೂರು ವರಗಳನ್ನು ಒಲ್ಲೆ ಎಂದು, ಸಯನ್‌ನ ಬಸವಂತರಾಯರ ಮಗ ಶಿವಪುತ್ರನಿಗೆ ಮೊದಲ ಸಲ ಹೂಂ ಎಂದಿದ್ದಳು. ಇದು ತಪ್ಪಿದರೆ ಇನ್ನೊಬ್ಬನ ಮುಖ ನೋಡುವುದಿಲ್ಲ ಎಂದು ನನ್ನ ಮುಂದೆ ಅತ್ತೂ ಇದ್ದಳು. ಅವರು ಬರಬೇಕಾದದ್ದು ಐದಕ್ಕೆ. ಆದರೆ ಲೋಕಲ್ ರೈಲು ನಿಲ್ಲಿಸುವ ರವಿವಾರದ ಮೆಗಾಬ್ಲಾಕಿಗೆ ಹೆದರಿ ಬೇಗ ಬಸ್ ಹತ್ತಿದವರು ಮೂರೂವರೆಗೇ ಬಾಗಿಲಿಗೆ ಬಂದು ನಿಂತರು.

ಕಾಕಾ ಬಾಗಿಲಿಗೆ ಬೆನ್ನು ಮಾಡಿ ಏಣಿಯ ಮೇಲಿದ್ದ. ಒಡೆಯದ ವಿಷದ ಪುಡಿಕೆ ಹಿಡಿದು ನಾನು ಕೆಳಗಿದ್ದೆ.

"ಏ ಹುಡುಗೀ, ಮೂರು ದಿನಾ ಸಿಹಿ ಉಣಿಸಿ ಬೀಗರನ್ನ ಪೂರಾ ನಂಬಿಸೀವಿ. ಇವತ್ತಿನ ಉಂಡ್ಯಾಗ ಮಸಾಲಿ! ಹಿರ್ಯಾರು ಕಿರ್ಯಾರು ನೋಡಬ್ಯಾಡ, ತಲಿಗೊಂದು! ಆದ್ರ ಬೀಗರು ಸಾಯೂದಿದ್ರ ಹೊರಗ ಹೋಗಿ ಸಾಯ್ಬೇಕು ಮತ್ತ. ಒಳಗ ಸತ್ರ ನಾಕ ದಿನಾ ವಾಸನಿ!"

ಹೊಸ್ತಿಲ ಮೇಲೆ ಬಸವಂತರಾಯರ ಒಂದು ಕಾಲು ಒಳಗೆ, ಒಂದು ಹೊರಗೆ. ಹಿಂದೆ ಅವರ ಹೆಂಡತಿ ಇಂದ್ರಾಬಾಯಿ ಮತ್ತು ಶಿವಪುತ್ರ. ನಾನು ಹೇಳಬೇಕೆಂದು ಬಾಯಿ ತೆರೆದೆ. ಹೊಸಬರ ಮುಂದೆ ನನ್ನ ಧ್ವನಿ ಎಂದೂ ಬರುವುದಿಲ್ಲ, ಆಗಲೂ ಬರಲಿಲ್ಲ.

ತಿರುಗಿ ನೋಡಿದ ಕಾಕಾ ಮುಖ ಅರಳಿಸಿ ಇಳಿದ. "ಬರ್ರಿ ಬರ್ರಿ ಬೀಗರ! ನಿಮ್ಮ ಮಾತ ನಡದಿತ್ತು!"

ಕಾಕು ತಟ್ಟೆ ತುಂಬ ಶೇಂಗಾ ಉಂಡಿ ತಂದಿಟ್ಟಳು.

"ಮೊದಲ ನೀವು ತಗೊಳ್ರಿ," ಎಂದರು ಬಸವಂತರಾಯರು.

"ನನಗ ಶುಗರ್ ಐತ್ರಿ."

"ನಿಮ್ಮ ಮನಿಯವರು?"

"ನಂದು ಇವತ್ತ ಉಪಾಸ ಐತ್ರೀ," ಎಂದಳು ಕಾಕು.

"ಹಂಗಾದ್ರ ನಮ್ಮದೂ ಎಲ್ಲಾರದು ಉಪಾಸ!" ಬಸವಂತರಾಯರು ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡರು.

ಇಂದ್ರಾಬಾಯಿ ಮೆಲ್ಲಗೆ ಕೇಳಿದರು: "ಇದಕ್ಕ ಮಸಾಲಿ ಹಾಕೀರೇನ್ರಿ?"

ಕಾಕಾನಿಗೆ ಆಗ ಹೊಳೆಯಿತು! 'ಇಲಿ' ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅವನು ಅಟ್ಟದ ಕಡೆ ನೋಡಿದ. ಮೂರು ದಿನದ ತಪಸ್ಸು ಮೇಲೆ ಕಿವಿ ನಿಮಿರಿಸಿ ಕೂತಿತ್ತು. ಒಲೆಯ ಬಳಿ ನಿಂತಿದ್ದ ಶೀತಲ್ ಕಡೆ ನೋಡಿದ. ಅವಳ ಕಣ್ಣು ತುಂಬಿತ್ತು. ಕೊನೆಗೆ ಗುಟ್ಟಾಗಿ ಹೇಳೋಣವೆಂದು ಬಸವಂತರಾಯರ ಕಿವಿಗೆ ಬಾಯಿ ಒಯ್ದ. ಅವರು ಗೋಡೆಗೆ ಅಂಟಿಕೊಂಡರು.

"ಪಪ್ಪಾ, ಬಸ್ ಮಾಡ್ರಿ!" ಶೀತಲ್ ಚೀರಿದಳು. "ಅಂಕಲ್, ಬೀಗರು ಮತ್ಲಬ್ ಇಲಿ!"

"ನಾವು ಇಲಿ?"

"ನಹೀ ನಹೀ! ಇಲಿ ಮತ್ಲಬ್ ಬೀಗರು!"

ಬಸವಂತರಾಯರು ಚಪ್ಪಲಿ ಹುಡುಕತೊಡಗಿದರು.

ಅಷ್ಟರಲ್ಲಿ ಗಡಿಯಾರ ನಾಲ್ಕು ತೋರಿಸಿತು. ಮೂರು ದಿನದ ಶಿಸ್ತು ಸುಮ್ಮನೆ ಹೋದೀತೇ? ದಪ್ಪನೆಯ ಇಲಿಯೊಂದು ಏಣಿಯ ಮೆಟ್ಟಿಲಿಳಿದು, ಎಲ್ಲರ ನಡುವೆ ಹಾದು, ತಟ್ಟೆಯ ಮುಂದೆ ಕೂತಿತು. ಒಂದು ಉಂಡಿಯನ್ನು ಕೈಯಲ್ಲಿ ಹಿಡಿದು ಸಾವಕಾಶವಾಗಿ ತಿಂದಿತು, ಮೀಸೆ ಒರೆಸಿಕೊಂಡಿತು, ಬಂದ ದಾರಿಯಲ್ಲೇ ಅಟ್ಟ ಹತ್ತಿತು.

ನಾನು ಒಡೆಯದ ಪುಡಿಕೆಯನ್ನು ಎತ್ತಿ ತೋರಿಸಿದೆ.

ಇಂದ್ರಾಬಾಯಿ ಪುಡಿಕೆ ನೋಡಿದರು, ಅಟ್ಟ ನೋಡಿದರು, ಸೆರಗು ಬಾಯಿಗೆ ಹಿಡಿದು ನಕ್ಕೂ ನಕ್ಕೂ ಸುಸ್ತಾದರು. "ಹಿರೇ ಬೀಗರದು ಊಟಾತು, ಅವರಿಗೆ ಏನೂ ಆಗಲಿಲ್ಲ. ಇನ್ನ ನಾವು ತಿನ್ನಾಕ ಅಡ್ಡಿಯಿಲ್ಲ ಬಿಡ್ರಿ," ಎಂದು ತಟ್ಟೆಯ ಆ ಕಡೆಯಿಂದ ಒಂದು ಉಂಡಿ ತೆಗೆದುಕೊಂಡರು. ಶಿವಪುತ್ರ ಎರಡು ತಿಂದ. ಮದುವೆಯ ಮಾತು ಗಟ್ಟಿಯಾಯಿತು.

ತಮ್ಮ ಹೆಸರು ಕೇಳಿಸಿಕೊಂಡ ಅಟ್ಟದ ಬೀಗರು ಅಂದಿನಿಂದ ಯಾವ ಉಂಡಿಯನ್ನೂ ಮುಟ್ಟಿಲ್ಲ, ಜೋಳ ಮಾತ್ರ ತಿನ್ನುತ್ತಿದ್ದಾರೆ. ಮಾತಿನಂತೆ ಕಾಕು ವಸ್ತರಾ ಕೊಟ್ಟಳು. ಕಾಕಾ ಎರಡು ದಿನದಿಂದ ಮೂಗಿನ ಕೆಳಗೆ ಕರವಸ್ತ್ರ ಹಿಡಿದು, ನೆಗಡಿ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ.

ನಾಳೆ ಬೆಳಿಗ್ಗೆ ನಾನು ಪುಡಿಕೆಯನ್ನು ಅಂಗಡಿಗೆ ವಾಪಸ್ ಕೊಟ್ಟು, ಬಿಗಿ ಮುಚ್ಚಳದ ದೊಡ್ಡ ತಗಡಿನ ಡಬ್ಬಿ ತಂದು, ಉಳಿದ ಜೋಳವನ್ನು ಅದರಲ್ಲಿ ತುಂಬಿಡುತ್ತೇನೆ.